ಒಂದು ಪಿಕ್ಸೆಲ್ ಅಂದ್ರೆ ಎಷ್ಟು ಸೆಂಟ್ಸ್ ಜಾಗ?

ಕಳೆದ ತಿಂಗಳು ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಯಾರೋ ಎರಡು ನಕ್ಷೆ ಹಾಕಿದರು. ಎರಡೂ ಮಂಗಳೂರಿನವು. ಎಡಗಡೆಯದು 1990ರ ಸುಮಾರಿನದು, ಹೆಚ್ಚುಕಡಿಮೆ ಪೂರ್ತಿ ಹಸಿರು. ಬಲಗಡೆಯದು ಈಗಿನದು. ಕುಳೂರಿನಿಂದ ಜೆಪ್ಪಿನವರೆಗೆ ಕೆಂಪೋ ಕೆಂಪು. ಹಸಿರು ಅಂದರೆ ಗಿಡಮರ, ಕೆಂಪು ಅಂದರೆ ಕಟ್ಟಡ. ನೋಡಿದವರೆಲ್ಲ ಅಳುವ ಮುಖದ ಚಿತ್ರ ಹಾಕಿ ಮುಂದೆ ಕಳಿಸಿದರು.

ಅದೇ ವಾರ ದೇರೆಬೈಲಿನ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರು ಜಗಲಿಯಲ್ಲಿ ಕೂತು, ಎರಡು ಬೆರಳಲ್ಲಿ ಆ ನಕ್ಷೆಯನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದರು. ತಮ್ಮ ಮನೆ ಹುಡುಕುತ್ತಿದ್ದರು. ಹೊಸ ನಕ್ಷೆಯಲ್ಲಿ ಮನೆ ಇರುವ ಕಡೆ ಒಂದು ಕೆಂಪು ಚೌಕ ಇದೆ. ಹಳೆಯದರಲ್ಲಿ ಅದೇ ಜಾಗ ಬರೀ ಹಸಿರು.

"ಅಲ್ಲ ಮಗಾ, ಆಗ ನಮ್ಮ ಮನೆ ಇರ್ಲಿಲ್ವಾ ಹಾಗಾದ್ರೆ? ನಾನು ಮದುವೆಯಾಗಿ ಬಂದದ್ದೇ ಈ ಮನೆಗೆ."

ಅದು ಹಂಚಿನ ಮನೆ. ಕಟ್ಟಿ 60 ವರ್ಷದ ಮೇಲಾಯಿತು. ಹಿಂದೆ ಬಾವಿ, ಸುತ್ತ ಆರೇಳು ತೆಂಗು, ಒಂದು ಹಲಸು, ಎಲ್ಲ ಸೇರಿ 15 ಸೆಂಟ್ಸ್. 1990ರಲ್ಲಿ ಎಲ್ಲವೂ ಅಲ್ಲೇ ಇತ್ತು. ದೊಡ್ಡಮ್ಮ ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ನಗರ ಎಷ್ಟು ಬದಲಾಯಿತು ಎಂದು ಉಪಗ್ರಹ ಚಿತ್ರದಿಂದ ಅಳೆಯುವ ಕೆಲಸದಲ್ಲಿ ದಿನಾ ಇರುವವನು ನಾನು. ಆದರೂ ಇಷ್ಟು ಚುಟುಕಾಗಿ ಇದನ್ನು ಯಾರೂ ಕೇಳಿದ್ದು ನೆನಪಿಲ್ಲ.

ಉತ್ತರ ಪಿಕ್ಸೆಲ್‌ನಲ್ಲಿದೆ. ಉಪಗ್ರಹ ಚಿತ್ರ ಅಂದರೆ ಚೌಕಗಳ ಹಾಸು. ಒಂದೊಂದು ಚೌಕಕ್ಕೂ ಒಂದೊಂದೇ ಬಣ್ಣ. ಆ ಚೌಕದೊಳಗೆ ಮನೆ, ಬಾವಿಕಟ್ಟೆ, ತೆಂಗು, ಅಂಗಳ ಏನೇ ಇರಲಿ, ಎಲ್ಲದರ ಬೆಳಕೂ ಸೇರಿ ಒಂದೇ ಬಣ್ಣವಾಗಿ ಬರುತ್ತದೆ. ಚೌಕದ ಬದಿ ನೆಲದ ಮೇಲೆ ಎಷ್ಟು ಮೀಟರ್ ಎಂಬುದೇ ರೆಸಲ್ಯೂಶನ್. ಪುಸ್ತಕಗಳಲ್ಲಿ ಇದನ್ನು 30 ಮೀಟರ್, 10 ಮೀಟರ್ ಎಂದು ಬರೆಯುತ್ತಾರೆ. ಕೇಳಿದರೆ ಏನೂ ಅಂದಾಜಾಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಜಾಗ ಅಂದರೆ ಸೆಂಟ್ಸ್. ಹಾಗಾಗಿ ಸೆಂಟ್ಸ್‌ನಲ್ಲೇ ಲೆಕ್ಕ ಹಾಕೋಣ. ಒಂದು ಸೆಂಟ್ಸ್ ಅಂದರೆ ಎಕರೆಯ ನೂರರಲ್ಲಿ ಒಂದು ಪಾಲು, 40.47 ಚದರ ಮೀಟರ್.

ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. ಅದರ ಪಿಕ್ಸೆಲ್ ಸುಮಾರು 80 ಮೀಟರ್, ಅಂದರೆ ಒಂದೂವರೆ ಎಕರೆಗಿಂತ ಸ್ವಲ್ಪ ಜಾಸ್ತಿ. 1982ರಲ್ಲಿ ಬಂದ ಲ್ಯಾಂಡ್‌ಸ್ಯಾಟ್-4ರಿಂದ ಅದು 30 ಮೀಟರ್‌ಗೆ ಇಳಿಯಿತು. ಒಂದು ಚೌಕಕ್ಕೆ 22 ಸೆಂಟ್ಸ್. 2021ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-9 ಕೂಡ ಬಣ್ಣದ ಚಿತ್ರವನ್ನು ಇದೇ ಅಳತೆಯಲ್ಲಿ ಕೊಡುತ್ತದೆ. ನಮ್ಮದೇ ಐಆರ್‌ಎಸ್-1ಎ 1988ರ ಮಾರ್ಚ್‌ನಲ್ಲಿ ಹೋಯಿತು. ಅದರ ಲಿಸ್-1 ಕ್ಯಾಮರಾದ ಒಂದು ಚೌಕ 1 ಎಕರೆ 30 ಸೆಂಟ್ಸ್, ಲಿಸ್-2ರದು 32 ಸೆಂಟ್ಸ್. 1995ರ ಐಆರ್‌ಎಸ್-1ಸಿಯಲ್ಲಿದ್ದ ಲಿಸ್-3 ಬಂದಾಗ ಹದಿಮೂರೂವರೆ ಸೆಂಟ್ಸ್‌ಗೆ ಬಂತು. 2003ರ ರಿಸೋರ್ಸ್‌ಸ್ಯಾಟ್-1ರ ಲಿಸ್-4ರಲ್ಲಿ 5.8 ಮೀಟರ್, ಅಂದರೆ ಮುಕ್ಕಾಲು ಸೆಂಟ್ಸ್ ಚಿಲ್ಲರೆ. ಯುರೋಪಿನ ಸೆಂಟಿನೆಲ್-2 2015ರಲ್ಲಿ ಹಾರಿತು. ಅದರ 10 ಮೀಟರ್ ಚೌಕ ಎರಡೂವರೆ ಸೆಂಟ್ಸ್. 2019ರ ನವೆಂಬರ್‌ನಲ್ಲಿ ಹಾರಿದ ಕಾರ್ಟೋಸ್ಯಾಟ್-3 ಕಪ್ಪುಬಿಳುಪಿನಲ್ಲಿ ಸುಮಾರು 25ರಿಂದ 30 ಸೆಂಟಿಮೀಟರ್‌ವರೆಗೆ ನೋಡುತ್ತದೆ. ಬಣ್ಣದಲ್ಲಿ ಒಂದು ಮೀಟರ್ ಚಿಲ್ಲರೆ. ಅಲ್ಲಿ ಬಾವಿಕಟ್ಟೆಯೂ ಕಾಣುತ್ತದೆ.

ಈಗ ದೊಡ್ಡಮ್ಮನ 15 ಸೆಂಟ್ಸ್‌ಗೆ ಬನ್ನಿ. 1990ರ ನಕ್ಷೆ ಮಾಡಿದ್ದು ಲ್ಯಾಂಡ್‌ಸ್ಯಾಟ್‌ನಿಂದ. ಒಂದು ಚೌಕವೇ 22 ಸೆಂಟ್ಸ್. ಅವರ ಇಡೀ ಹಿತ್ತಿಲು, ಪಕ್ಕದ ಮನೆಯ ತೋಟದ ಒಂದು ತುಂಡು, ಎಲ್ಲ ಸೇರಿದರೂ ಒಂದು ಪಿಕ್ಸೆಲ್ ಆಗುತ್ತದೆಯೋ ಇಲ್ಲವೋ. ಅದರಲ್ಲಿ ಮನೆಯ ಮಾಡು, ಅಂದರೆ ಛಾವಣಿ, ನೂರು ಚದರ ಮೀಟರ್, ಉಳಿದ ಎಂಟುನೂರು ತೆಂಗು ಮತ್ತು ಹಲಸು. ಕಂಪ್ಯೂಟರ್ ಬಹುಮತ ನೋಡಿತು, "ತೋಟ" ಎಂದು ಬರೆಯಿತು. ಹೊಸ ನಕ್ಷೆ ಸೆಂಟಿನೆಲ್-2ರದು. ಅಲ್ಲಿ ಅದೇ ಹಿತ್ತಿಲಿಗೆ ಆರು ಚೌಕ. ಅದರಲ್ಲೊಂದು ಮಾಡಿನ ಮೇಲೇ ಬಿತ್ತು. ಅದು ಕೆಂಪಾಯಿತು. 60 ವರ್ಷ ಹಳೆಯ ಮನೆ, ನಕ್ಷೆಯ ಲೆಕ್ಕದಲ್ಲಿ ಈಚೆಗೆ ಕಟ್ಟಿದ ಮನೆ!

ಇಂಥದ್ದು ಒಂದೆರಡಲ್ಲ. ಸಾವಿರಾರು.

ಮಂಗಳೂರಿಗೇ ಯಾಕೆ ಇದು ಜಾಸ್ತಿ

ಘಟ್ಟದ ಮೇಲೆ ಊರು ಅಂದರೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಗುಂಪು. ಗುಂಪು ಮುಗಿದಲ್ಲಿ ಹೊಲ ಶುರು. ಉಪಗ್ರಹಕ್ಕೆ ಅದು ಸುಲಭ. ತುಳುನಾಡಿನಲ್ಲಿ ಹಾಗಿಲ್ಲ. ಇಲ್ಲಿ ಮನೆಗಳು ಚೆಲ್ಲಿದ ಹಾಗೆ ಇರುತ್ತವೆ. ಅವರವರ ತೋಟದ ನಡುವೆ ಅವರವರ ಮನೆ. ಕೆಳಗೆ ಬೈಲು ಎಂಬ ತಗ್ಗಿನ ಗದ್ದೆ, ಅದರ ಮೇಲೆ ಮಜಲು, ಬೆಟ್ಟು ಎಂಬ ಎತ್ತರದ ಗದ್ದೆಗಳು, ಕೊನೆಗೆ ಮುರಕಲ್ಲಿನ (ಜಂಬಿಟ್ಟಿಗೆಯ) ಪದವು, ಅಂದರೆ ಗುಡ್ಡದ ಮೇಲಿನ ಬಯಲು. ಕೊಡಿಯಾಲಬೈಲ್, ದೇರೆಬೈಲ್, ಪದವಿನಂಗಡಿ ಎಂಬ ಹೆಸರುಗಳಲ್ಲಿ ಈ ನೆಲದ ಏರಿಳಿತ ಇನ್ನೂ ಉಳಿದಿದೆ. ಊರು ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಎಂದು ನಮಗೇ ಗೆರೆ ಎಳೆಯಲಿಕ್ಕೆ ಆಗುವುದಿಲ್ಲ, ಅಲ್ವಾ? ಸಾವಿರ ಅಡಿಯ ಮನೆಯೊಂದನ್ನು 22 ಸೆಂಟ್ಸ್‌ನ ಚೌಕ ಹೇಗೆ ಹಿಡಿದೀತು?

ಒಂದು ಎಕರೆ ತೆಂಗಿನ ತೋಟ ಅಂದುಕೊಳ್ಳಿ. ಅದರಲ್ಲಿ ಅಣ್ಣತಮ್ಮಂದಿರ ನಾಲ್ಕು ಮನೆ, ತಲಾ 120 ಚದರ ಮೀಟರ್. ಒಟ್ಟು ಜಾಗದ ನೂರಕ್ಕೆ 12 ಪಾಲು ಮನೆಯ ಮಾಡು. 30 ಮೀಟರ್ ಚಿತ್ರದಲ್ಲಿ ಈ ಎಕರೆಗೆ ನಾಲ್ಕೂವರೆ ಚೌಕ. ಒಂದರಲ್ಲೂ ಮನೆಗೆ ಬಹುಮತ ಇಲ್ಲ. ಕಟ್ಟಡ ಸೊನ್ನೆ. ಮುಂದೆ ಪಾಲಾಗಿ ತೋಟ ಮಾರಾಟವಾಯಿತು, ಫ್ಲ್ಯಾಟ್ ಎದ್ದಿತು, ಸುತ್ತ ಇಂಟರ್‌ಲಾಕ್ ಬಂತು ಅನ್ನಿ. ಈಗ ನೂರಕ್ಕೆ 65 ಪಾಲು ಗಟ್ಟಿ ನೆಲ, ಕಂಪೌಂಡಿನ ಅಂಚಿನಲ್ಲಿ 35 ಪಾಲು ಹಸಿರು. 30 ಮೀಟರ್ ಚಿತ್ರ ಎಲ್ಲ ಚೌಕವನ್ನೂ ಕೆಂಪು ಮಾಡುತ್ತದೆ. ನಿಜದಲ್ಲಿ 12ರಿಂದ 65ಕ್ಕೆ ಹೋದದ್ದು ನಕ್ಷೆಯಲ್ಲಿ ಸೊನ್ನೆಯಿಂದ ನೂರಕ್ಕೆ ಹೋಯಿತು.

ಇದಕ್ಕೊಂದು ಸಾಮಾನ್ಯ ನಿಯಮ ಇದೆ. ಪಿಕ್ಸೆಲ್ ದೊಡ್ಡದಾದಷ್ಟೂ ಯಾವುದು ಜಾಸ್ತಿ ಇದೆಯೋ ಅದು ಇನ್ನೂ ಜಾಸ್ತಿ ಕಾಣುತ್ತದೆ. ಯಾವುದು ಕಡಿಮೆ, ಚದುರಿದೆಯೋ ಅದು ಇನ್ನೂ ಕಡಿಮೆ ಕಾಣುತ್ತದೆ. ಹಳೆಯ ಶಕ್ತಿನಗರ, ಕಾವೂರಿನಲ್ಲಿ ಹಸಿರು ಜಾಸ್ತಿ ಇತ್ತು. ಅಲ್ಲಿ ಮನೆಗಳು ಮಾಯವಾಗುತ್ತವೆ. ಹಂಪನಕಟ್ಟೆಯಲ್ಲಿ ಕಾಂಕ್ರೀಟ್ ಜಾಸ್ತಿ. ಅಲ್ಲಿ ಹಳೆಯ ಬಂಗಲೆಗಳ ಹಿಂದೆ ಉಳಿದಿರುವ ಮಾವು, ಹಲಸು ಮಾಯವಾಗುತ್ತವೆ. ಅಂದರೆ ದೊಡ್ಡ ಪಿಕ್ಸೆಲ್ ಸುಮ್ನೆ ಮಸುಕಾಗಿ ಕಾಣುವುದಷ್ಟೇ ಅಲ್ಲ. ಅದು ಒಂದು ಕಡೆಗೆ ವಾಲುತ್ತದೆ. ಯಾವ ಕಡೆಗೆ ಎಂಬುದು ಆ ವಾರ್ಡು ಹೇಗಿದೆ ಎಂಬುದರ ಮೇಲೆ ಹೋಗುತ್ತದೆ.

ಇನ್ನು 10 ಮೀಟರ್ ಆದರೆ ಸಮಸ್ಯೆ ಮುಗಿಯಿತೇ? ಬದಿಗೆ 11 ಮೀಟರ್ ಇರುವ ಒಂದು ಚೌಕ ಮನೆ ತೆಗೆದುಕೊಳ್ಳಿ. ಅದು ಒಂದು ಪಿಕ್ಸೆಲ್‌ನ ಮೇಲೆ ಸರಿಯಾಗಿ ಕೂತರೆ ಆ ಪಿಕ್ಸೆಲ್ ಪೂರ್ತಿ ಮನೆ. ಅದೇ ಮನೆ ನಾಲ್ಕು ಪಿಕ್ಸೆಲ್ ಕೂಡುವ ಮೂಲೆಯ ಮೇಲೆ ಕೂತರೆ ಒಂದೊಂದಕ್ಕೂ ಸಿಗುವುದು 30 ಚದರ ಮೀಟರ್, ನೂರಕ್ಕೆ 30 ಪಾಲು. ಉಳಿದ 70 ಪಾಲು ತೆಂಗಿನ ಗರಿಯಾದರೆ ನಾಲ್ಕೂ ಹಸಿರು. ಮನೆ ಅದೇ. ಐದು ಮೀಟರ್ ಆಚೀಚೆ ಆದದ್ದಕ್ಕೆ ಒಮ್ಮೆ ಇದೆ, ಒಮ್ಮೆ ಇಲ್ಲ. ಎರಡು ವರ್ಷದ ಎರಡು ಚಿತ್ರ ಅರ್ಧ ಪಿಕ್ಸೆಲ್‌ನಷ್ಟು ಜಾರಿ ಕೂತರೆ ಇದೇ ಆಟ ಊರಿಡೀ ನಡೆಯುತ್ತದೆ. ಅಂಚುಗಳೇ ಜಾಸ್ತಿ ಇರುವ ಊರಿನಲ್ಲಿ ಅಂಚಿನ ತಪ್ಪೇ ದೊಡ್ಡ ತಪ್ಪು.

ಆದರೆ ನಾನು ಪದೇ ಪದೇ ನೋಡುವ, ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡುವ ತಪ್ಪು ಬೇರೆ. ಹಳೆಯದಕ್ಕೆ 30 ಮೀಟರ್ ಚಿತ್ರ, ಹೊಸದಕ್ಕೆ 10 ಮೀಟರ್ ಚಿತ್ರ ಹಿಡಿದು, ಒಂದರಿಂದ ಇನ್ನೊಂದನ್ನು ಕಳೆಯುವುದು. ಬೇಕೆಂದು ಯಾರೂ ಮಾಡುವುದಿಲ್ಲ. ಹಳೆಯ ಕಾಲಕ್ಕೆ ಲ್ಯಾಂಡ್‌ಸ್ಯಾಟ್ ಬಿಟ್ಟರೆ ಪುಕ್ಕಟೆ ಸಿಗುವುದು ಕಷ್ಟ. ಲ್ಯಾಂಡ್‌ಸ್ಯಾಟ್‌ನ ಭಂಡಾರವನ್ನು 2008ರಲ್ಲಿ ಎಲ್ಲರಿಗೂ ತೆರೆದರು. ಹೊಸ ಕಾಲಕ್ಕೆ ಸೆಂಟಿನೆಲ್ ಪುಕ್ಕಟೆ ಸಿಗುತ್ತದೆ, ನೋಡಲಿಕ್ಕೂ ಚಂದ. ಎರಡನ್ನೂ ಬಳಸುತ್ತಾರೆ. ಆಗ ಮೇಲಿನ ಎಕರೆ ತೋಟದಲ್ಲಿ ಏನಾಗುತ್ತದೆ ನೋಡಿ. ಹಳೆಯ ನಕ್ಷೆಯಲ್ಲಿ ಮನೆ ಸೊನ್ನೆ, ಹೊಸದರಲ್ಲಿ ನಾಲ್ಕು. ಒಂದು ಕಲ್ಲನ್ನೂ ಹೊಸದಾಗಿ ಇಡದೆ "ನಗರ ಬೆಳೆಯಿತು." ಹಸಿರು ಎಷ್ಟು ತುಂಡಾಯಿತು ಎಂಬ ಲೆಕ್ಕವಂತೂ ಇನ್ನೂ ಕೆಡುತ್ತದೆ. 30 ಮೀಟರ್‌ನಲ್ಲಿ ಒಂದೇ ದೊಡ್ಡ ತೋಟವಾಗಿ ಕಂಡದ್ದು 10 ಮೀಟರ್‌ನಲ್ಲಿ ಹತ್ತಾರು ತುಂಡು. ರಸ್ತೆ ಅಗಲವಾದದ್ದಕ್ಕೆ ಆದ ತುಂಡು ಯಾವುದು, ಪಿಕ್ಸೆಲ್ ಚಿಕ್ಕದಾದದ್ದಕ್ಕೆ ಆದ ತುಂಡು ಯಾವುದು ಎಂದು ಆಮೇಲೆ ಬಿಡಿಸಲಿಕ್ಕೆ ಬರುವುದಿಲ್ಲ.

ಮಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿ ಸುಮಾರು 132 ಚದರ ಕಿಲೋಮೀಟರ್. ಲ್ಯಾಂಡ್‌ಸ್ಯಾಟ್‌ನ ಲೆಕ್ಕದಲ್ಲಿ ಒಂದೂವರೆ ಲಕ್ಷ ಚೌಕಕ್ಕೂ ಕಡಿಮೆ, ಸೆಂಟಿನೆಲ್‌ನಲ್ಲಿ 13 ಲಕ್ಷದ ಮೇಲೆ. ಇವೆರಡನ್ನು ಪಕ್ಕಪಕ್ಕ ಇಟ್ಟು ಶೇಕಡಾ ಹೇಳುವ ಮೊದಲು ನೂರು ಸಲ ಯೋಚಿಸಬೇಕು.

ಹಾಗಾದರೆ ಚಿಕ್ಕ ಪಿಕ್ಸೆಲ್ ಯಾವಾಗಲೂ ಒಳ್ಳೆಯದೇ?

ಅಲ್ಲ. ಇದನ್ನು ನಾನು ಕೆಲಸ ಮಾಡುತ್ತಾ ಕಲಿತೆ. ಅರ್ಧ ಮೀಟರ್ ಚಿತ್ರ ಕೈಗೆ ಬಂದಾಗ ಎಲ್ಲ ಬಗೆಹರಿಯಿತು ಎಂದುಕೊಂಡಿದ್ದೆ. ಮೊದಲ ಸಲ ಕಂಪ್ಯೂಟರ್ ತೋರಿಸಿದ "ಬದಲಾವಣೆ"ಯ ಪಟ್ಟಿ ಹಿಡಿದು ಬಿಜೈ ಕಡೆ ಮನೆ ಮನೆ ಸುತ್ತಿದೆ. ಹೆಚ್ಚಿನ ಕಡೆ ಬದಲಾಗಿದ್ದದ್ದು ತಾರಸಿಯ ಮೇಲಿನ ಶೀಟ್. ನಮ್ಮ ಮಳೆಗೆ ಕಾಂಕ್ರೀಟ್ ತಾರಸಿ ಸೋರುತ್ತದೆ. ಹಾಗಾಗಿ ಜನ ಕಬ್ಬಿಣದ ಕಂಬ ನಿಲ್ಲಿಸಿ ಮೇಲೆ ಶೀಟ್ ಹಾಕಿಸುತ್ತಾರೆ. ನಿನ್ನೆ ಬೂದು ಬಣ್ಣದ ತಾರಸಿ, ಇವತ್ತು ನೀಲಿ ಶೀಟ್. ಮನೆ ಅದೇ, ಜನ ಅವರೇ, ನೆಲ ಅದೇ. ಕಂಪ್ಯೂಟರ್ ಮಾತ್ರ ಬದಲಾವಣೆ ಎಂದು ಕೂಗುತ್ತದೆ. ಮಳೆಗಾಲ ಕಳೆದ ಮೇಲೆ ತಾರಸಿಗೂ ಕಂಪೌಂಡಿಗೂ ಪಾಚಿ ಹಿಡಿದಿರುತ್ತದೆ. ಅದೂ ಬದಲಾವಣೆ. ಕದ್ರಿ, ಬೆಂದೂರಿನ ಎತ್ತರದ ಕಟ್ಟಡಗಳ ನೆರಳು ಪಕ್ಕದ ತೋಟದ ಮೇಲೆ ಬೀಳುತ್ತದೆ. ಚಿತ್ರ ತೆಗೆದ ಗಂಟೆ ಬೇರೆಯಾದರೆ ನೆರಳಿನ ಉದ್ದ ಬೇರೆ. ಉಪಗ್ರಹ ಓರೆಯಾಗಿ ನೋಡಿದ್ದರೆ ಕಟ್ಟಡವೇ ವಾಲಿದ ಹಾಗೆ ಕಂಡು ಹಿಂದಿನ ಮನೆಯನ್ನು ಮುಚ್ಚುತ್ತದೆ. 10 ಮೀಟರ್ ಚಿತ್ರದಲ್ಲಿ ಈ ತೊಂದರೆಗಳು ಬಹಳ ಮಟ್ಟಿಗೆ ಕರಗಿ ಹೋಗಿರುತ್ತವೆ.

ತೆಂಗಿನ ವಿಷಯ ಇನ್ನೂ ಸೂಕ್ಷ್ಮ. ಏಳೂವರೆ ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಗರಿಗಳು ಒಂದಕ್ಕೊಂದು ತಾಗುತ್ತವೆ. ಅವುಗಳ ಅಡಿಯಲ್ಲಿ ಪಕ್ಕದ ಶೆಡ್ಡು, ಹಟ್ಟಿ, ಅರ್ಧ ಮನೆ ಅಡಗಿರುತ್ತದೆ. ಎಷ್ಟೇ ಸಣ್ಣ ಪಿಕ್ಸೆಲ್ ಇದ್ದರೂ ಗರಿಯ ಕೆಳಗಿನದು ಮೇಲಿನಿಂದ ಕಾಣುವುದಿಲ್ಲ.

ರೆಸಲ್ಯೂಶನ್‌ಗೆ ಸಂಬಂಧವೇ ಇಲ್ಲದ ಒಂದು ಗೊಂದಲವೂ ನಮ್ಮಲ್ಲಿದೆ. ಅದು ಬಣ್ಣದ್ದು. 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಂಗಳೂರು ಹಂಚು ಲೋಕಕ್ಕೆಲ್ಲ ಹೋಯಿತು. ಆ ಹಂಚಿನ ಕೆಂಪಿಗೆ ಕಾರಣ ಮಣ್ಣಿನಲ್ಲಿರುವ ಕಬ್ಬಿಣದ ಅಂಶ. ಮುರಕಲ್ಲಿನ ಕೆಂಪಿಗೂ ಅದೇ ಕಾರಣ. ಹಾಗಾಗಿ ಬೋಳು ಪದವು, ಕಲ್ಲಿನ ಕೋರೆ, ಹಂಚಿನ ಮಾಡು ಮೂರೂ ಉಪಗ್ರಹದ ಕಣ್ಣಿಗೆ ಅಣ್ಣತಮ್ಮಂದಿರು. ಕಟ್ಟಡ ಹುಡುಕಲು ಎಲ್ಲರೂ ಬಳಸುವ ಎನ್‌ಡಿಬಿಐ ಎಂಬ ಲೆಕ್ಕ ಬೋಳು ನೆಲವನ್ನೂ ಕಟ್ಟಡ ಎಂದುಬಿಡುತ್ತದೆ. ಇನ್ನೊಂದು ಮಾತು. ಆ ಲೆಕ್ಕಕ್ಕೆ ಶಾರ್ಟ್‌ವೇವ್ ಇನ್‌ಫ್ರಾರೆಡ್ ಎಂಬ, ಕಣ್ಣಿಗೆ ಕಾಣದ ಬೆಳಕಿನ ಪಟ್ಟಿ ಬೇಕು. ಸೆಂಟಿನೆಲ್-2ರಲ್ಲಿ ಆ ಪಟ್ಟಿ ಸಿಗುವುದು 20 ಮೀಟರ್‌ನಲ್ಲಿ, 10ರಲ್ಲಿ ಅಲ್ಲ. ನಕ್ಷೆಯ ಮೇಲೆ 10 ಮೀಟರ್ ಎಂದು ಬರೆದಿದ್ದರೂ ಒಳಗಿನ ಮಾಹಿತಿಯ ಅರ್ಧ ಭಾಗ ಹತ್ತು ಸೆಂಟ್ಸ್‌ನ ಚೌಕದ್ದು.

ಬಿಸಿಲಿನ ನಕ್ಷೆಗಳಲ್ಲಿ ಇದೇ ಕತೆ ಇನ್ನೂ ಜೋರು. "ನಿಮ್ಮ ಬೀದಿ ಎಷ್ಟು ಬಿಸಿ" ಎಂದು ತೋರಿಸುವ ನಕ್ಷೆಗಳು ಸಾಮಾನ್ಯವಾಗಿ ಲ್ಯಾಂಡ್‌ಸ್ಯಾಟ್-8 ಅಥವಾ 9ರ ಉಷ್ಣ ಕ್ಯಾಮರಾದಿಂದ ಬರುತ್ತವೆ. ಹಂಚುವಾಗ ಅದನ್ನು 30 ಮೀಟರ್ ಚೌಕ ಮಾಡಿ ಹಂಚುತ್ತಾರೆ. ಕ್ಯಾಮರಾ ಅಳೆದದ್ದು 100 ಮೀಟರ್‌ನಲ್ಲಿ. ಒಂದು ಅಳತೆಗೆ ಸುಮಾರು ಎರಡೂವರೆ ಎಕರೆ. ಅದರಲ್ಲಿ ನಿಮ್ಮ ಬೀದಿ, ನಿಮ್ಮ ಮನೆ ಎಂಬುದು ಇಲ್ಲವೇ ಇಲ್ಲ.

ಮಳೆ, ಮೋಡ, ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೇಲೆ ಮೋಡ. ಸೆಂಟಿನೆಲ್-2ರ ಜೋಡಿ ಐದು ದಿನಕ್ಕೊಮ್ಮೆ ಬಂದು ಹೋಗುತ್ತದೆ, ನಿಜ. ಬಂದಾಗಲೆಲ್ಲ ಕಾಣುವುದು ಬಿಳಿ ಹತ್ತಿ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜರಿದು ಮಂದಾರದ ತೋಟ, ಮನೆಗಳ ಮೇಲೆ ಹರಿದದ್ದು ನೆನಪಿದೆಯಲ್ಲ? ಅಷ್ಟು ದೊಡ್ಡ ಬದಲಾವಣೆ ಕಾಣಲಿಕ್ಕೆ 10 ಮೀಟರ್ ಪಿಕ್ಸೆಲ್ ಧಾರಾಳ ಸಾಕು. ಅಲ್ಲಿ ಅಡ್ಡಿ ಪಿಕ್ಸೆಲ್‌ನದ್ದಲ್ಲ, ಮಳೆಗಾಲದ ಮೋಡದ್ದು. ನಮ್ಮಲ್ಲಿ ಗುಡ್ಡ ಜರಿಯುವುದು, ನೆರೆ ಬರುವುದು ಹೆಚ್ಚಾಗಿ ಕಣ್ಣು ಮುಚ್ಚಿದ ಆ ನಾಲ್ಕು ತಿಂಗಳಲ್ಲೇ.

ಇದಕ್ಕೆ ದಾರಿ ರೇಡಾರ್. ಅದಕ್ಕೆ ಮೋಡ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ಇಸ್ರೋ ಮತ್ತು ನಾಸಾ ಸೇರಿ ಮಾಡಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ. ಕರಾವಳಿಯವರು ಇದನ್ನು ಬಹಳ ಆಸೆಯಿಂದ ನೋಡಬೇಕು. ಆದರೆ ರೇಡಾರ್ ಬಣ್ಣ ನೋಡುವುದಿಲ್ಲ, ಒರಟುತನ ಮತ್ತು ತೇವ ನೋಡುತ್ತದೆ. ಗುಡ್ಡದ ಇಳಿಜಾರಿನಲ್ಲಿ ಚಿತ್ರ ಮಡಚಿಕೊಳ್ಳುತ್ತದೆ. ಮಂಗಳೂರಿನಲ್ಲಿ ಗುಡ್ಡವೇ ಜಾಸ್ತಿ. ಪಳಗಲು ಸಮಯ ಬೇಕು.

ತಿಂಗಳಿನದ್ದು ಬೇರೆಯೇ ವಿಷಯ. ಸೆಪ್ಟೆಂಬರ್ ಕೊನೆಗೆ ಪದವಿನ ಮೇಲೆ ಮುಳಿಹುಲ್ಲು ನಿಂತಿರುತ್ತದೆ. ಫೆಬ್ರವರಿಗೆ ಅದು ಒಣಗಿ ಮುರಕಲ್ಲು ಮೇಲೆ ಬರುತ್ತದೆ. ಏಣೆಲು, ಅಂದರೆ ಮಳೆಗಾಲದ ಭತ್ತ, ಕೊಯ್ದ ಮೇಲೆ ಗದ್ದೆ ಬೋಳು. ಸುಗ್ಗಿ ಎಂಬ ಎರಡನೇ ಬೆಳೆ ಹಾಕಿದರೆ ಮತ್ತೆ ಹಸಿರು. ಬೆಳೆ ಹಾಕದೆ ಹಡಿಲು ಬಿಟ್ಟರೆ ಕಳೆಯ ಹಸಿರು. 1991ರ ನವೆಂಬರ್ ಚಿತ್ರವನ್ನು 2024ರ ಮಾರ್ಚ್ ಚಿತ್ರದ ಜೊತೆ ಹೋಲಿಸಿದರೆ ಸಿಗುವ ಹಸಿರಿನ ನಷ್ಟದಲ್ಲಿ ಬೇಸಗೆಯ ಪಾಲೆಷ್ಟು, ಬುಲ್ಡೋಜರ್‌ನ ಪಾಲೆಷ್ಟು? ವರ್ಷ ಬೇರೆಯಾದರೂ ತಿಂಗಳು ಒಂದೇ ಇರಬೇಕು. ಎಷ್ಟು ಸಣ್ಣ ವಿಷಯ. ಎಷ್ಟು ಕಡೆ ಇದನ್ನು ಮರೆಯುತ್ತಾರೆ.

ನನಗೆ ಜಾಸ್ತಿ ಬೇಸರ ಆಗುವುದು ತೋಡುಗಳ, ಅಂದರೆ ನೀರು ಹರಿಯುವ ಸಣ್ಣ ಕಾಲುವೆಗಳ ವಿಷಯದಲ್ಲಿ. 2018ರ ಮೇ 29ರಂದು ಮಂಗಳೂರು ಮುಳುಗಿತು. ಕೊಟ್ಟಾರ ಚೌಕಿ ಈಗಲೂ ಜೋರು ಮಳೆಗೆ ಮುಳುಗುತ್ತದೆ. ಗುಡ್ಡದಿಂದ ಇಳಿದ ನೀರು ಬೈಲಿಗೆ, ಬೈಲಿನಿಂದ ತೋಡಿಗೆ, ತೋಡಿನಿಂದ ಹೊಳೆಗೆ ಹೋಗಬೇಕು. ಆ ತೋಡಿನ ಅಗಲ ಬಹಳ ಕಡೆ ಮೂರು ಮೀಟರ್, ಹೆಚ್ಚೆಂದರೆ ಐದಾರು. ಮೇಲೆ ಮರ ಬಾಗಿರುತ್ತದೆ. ಕೆಲವು ಕಡೆ ಸ್ಲ್ಯಾಬ್ ಹಾಕಿ ಮೇಲೆ ಗಾಡಿ ನಿಲ್ಲಿಸುತ್ತಾರೆ. 10 ಮೀಟರ್ ಚಿತ್ರದಲ್ಲಿ ತೋಡು ಎಂಬುದೇ ಇಲ್ಲ. ಆರು ಮೀಟರಿನ ತೋಡು ಎರಡು ಮೀಟರ್ ಆದರೂ ನಕ್ಷೆ ಅಲುಗುವುದಿಲ್ಲ. ಜಾಗದ ಲೆಕ್ಕದಲ್ಲಿ ಅದು ಊರಿನ ಪುಟ್ಟ ಒಂದು ಪಾಲು. ನೆರೆಯ ಲೆಕ್ಕದಲ್ಲಿ ಅದೇ ಎಲ್ಲ. ಗುರುಪುರ ಹೊಳೆಯ ಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಟ್ಟಿಯೂ ಹೀಗೇ. ಹತ್ತಿಪ್ಪತ್ತು ಮೀಟರ್ ಅಗಲದ ಪಟ್ಟಿ 30 ಮೀಟರ್ ಚೌಕದಲ್ಲಿ ಅರ್ಧ ನೀರು, ಅರ್ಧ ತೋಟವಾಗಿ ಕರಗುತ್ತದೆ. ಕಡಿದರೂ ಗೊತ್ತಾಗುವುದಿಲ್ಲ.

ಅಂಗಳಕ್ಕೆ ಇಂಟರ್‌ಲಾಕ್ ಹಾಕುವುದನ್ನೇ ನೋಡಿ. ಒಂದು ಮನೆಗೆ ಎರಡು ಮೂರು ಸೆಂಟ್ಸ್ ಅಷ್ಟೇ. ಆದರೆ ಮಳೆ ನೀರು ಇಂಗುತ್ತಿದ್ದ ನೆಲ ಅದು. ಒಂದು ವಾರ್ಡಿನಲ್ಲಿ ಐನೂರು ಮನೆಯವರು ಹಾಕಿಸಿದರೆ ಹತ್ತು ಎಕರೆಯ ಮೇಲೆ ಗಟ್ಟಿ ನೆಲವಾಯಿತು. 30 ಮೀಟರ್ ನಕ್ಷೆಯಲ್ಲಿ ಒಂದು ಚೌಕವೂ ಬದಲಾಗದೆ ಇದು ನಡೆದು ಹೋಗಬಹುದು. ಎತ್ತರದ್ದೂ ಹಾಗೆಯೇ. ಕದ್ರಿಯಲ್ಲಿ ಹಂಚಿನ ಮನೆ ಕೆಡವಿ ಹದಿನೈದು ಮಾಳಿಗೆ ಎಬ್ಬಿಸಿದರೆ ನಕ್ಷೆಯಲ್ಲಿ ಕಟ್ಟಡ ಹೋಗಿ ಕಟ್ಟಡ ಬಂತು, ಬದಲಾವಣೆ ಇಲ್ಲ. ನೀರು, ಚರಂಡಿ, ಗಾಡಿ ಎಲ್ಲ ಹತ್ತು ಪಟ್ಟಾಗಿರುತ್ತದೆ.

ಹಾಗೆಂದು ಈ ನಕ್ಷೆಗಳನ್ನು ಬಿಸಾಡಿ ಎನ್ನುತ್ತಿಲ್ಲ. 1972ರಿಂದ ಇಂದಿನವರೆಗೆ ಬಿಡದೆ ಊರನ್ನು ನೋಡಿದ್ದು ಈ ದೊಡ್ಡ ಪಿಕ್ಸೆಲ್‌ಗಳೇ. ಪಣಂಬೂರಿನಲ್ಲಿ ನೆಲ ತೋಡಿ ಮಾಡಿದ ಬಂದರು, ಬಜ್ಪೆಯಲ್ಲಿ ಗುಡ್ಡದ ತಲೆ ಸಮ ಮಾಡಿ ಹಾಕಿದ 2,450 ಮೀಟರ್ ಉದ್ದದ ರನ್‌ವೇ ಇಂಥವನ್ನು 30 ಮೀಟರ್ ಚಿತ್ರ ಚೆನ್ನಾಗಿಯೇ ಹಿಡಿಯುತ್ತದೆ. ಯಾವ ಬದಲಾವಣೆ ಅಳೆಯಬೇಕು ಎಂದು ಮೊದಲು ತೀರ್ಮಾನಿಸಿ, ಅದಕ್ಕೆ ತಕ್ಕ ಪಿಕ್ಸೆಲ್ ಆರಿಸಬೇಕು. ಪಾಲಿಕೆ ಮಟ್ಟದ ದಿಕ್ಕು ತಿಳಿಯಲು ಲ್ಯಾಂಡ್‌ಸ್ಯಾಟ್ ಸಾಕು. ವಾರ್ಡಿನ ಹಸಿರಿಗೆ ಸೆಂಟಿನೆಲ್ ಅಥವಾ ಲಿಸ್-4. ತೋಡಿಗೆ, ಅಂಗಳಕ್ಕೆ ಒಂದು ಮೀಟರ್‌ಗಿಂತ ಚಿಕ್ಕದು, ಜೊತೆಗೆ ಕಾಲಲ್ಲಿ ನಡೆದು ನೋಡುವುದು.

ಹೇಳುವ ಶೇಕಡಾದ ಜೊತೆ ತಪ್ಪಿನ ಅಂದಾಜೂ ಬೇಕು. ಎರಡು ನಕ್ಷೆಗಳು ತಲಾ ನೂರಕ್ಕೆ 85ರಷ್ಟು ಸರಿ ಇವೆ ಅನ್ನಿ. ಕೇಳಲು ಒಳ್ಳೆಯದೇ. ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧ ಇಲ್ಲದಿದ್ದರೆ, ಎರಡರಲ್ಲೂ ಸರಿಯಾಗಿರುವ ಜಾಗ ನೂರಕ್ಕೆ 72 ಮಾತ್ರ. ಉಳಿದ 28ರಲ್ಲಿ ಎರಡರಲ್ಲಿ ಒಂದು ನಕ್ಷೆಯಾದರೂ ತಪ್ಪು. ಊರು ನಿಜಕ್ಕೂ ಬದಲಾದದ್ದು ನೂರಕ್ಕೆ ಹತ್ತು ಹನ್ನೆರಡಾದರೆ ತಪ್ಪೇ ಅದಕ್ಕಿಂತ ದೊಡ್ಡದಾಯಿತು. ಇದಕ್ಕೆ ಪರಿಹಾರ ಸರಳ. ನಕ್ಷೆಯ ಮೇಲೆ ಚೀಟಿ ಎತ್ತಿದ ಹಾಗೆ ಕೆಲವು ನೂರು ಬಿಂದು ಆರಿಸಿ, ಒಂದೊಂದನ್ನೂ ಸ್ಪಷ್ಟ ಚಿತ್ರದಲ್ಲೋ ನೆಲದ ಮೇಲೋ ನೋಡಿ, ಸರಿ ತಪ್ಪು ಬರೆದು, ಆ ಲೆಕ್ಕದಿಂದ ಒಟ್ಟು ವಿಸ್ತೀರ್ಣವನ್ನು ತಿದ್ದುವುದು. ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳೂ ಈ ಕೆಲಸಕ್ಕೆ ಬರುತ್ತವೆ. ಚಿತ್ರದ ತಾರೀಕು ನೋಡಿಕೊಳ್ಳಬೇಕು ಅಷ್ಟೆ, ಒಂದೇ ಪರದೆಯಲ್ಲಿ ಪಕ್ಕಪಕ್ಕದ ತುಂಡುಗಳು ಬೇರೆ ಬೇರೆ ವರ್ಷದವು ಇರುತ್ತವೆ.

ಎರಡು ಬೇರೆ ಪಿಕ್ಸೆಲ್‌ಗಳನ್ನು ಹೋಲಿಸಲೇಬೇಕಾದರೆ ಹೊಸದನ್ನು ಹಳೆಯದರ ಮಟ್ಟಕ್ಕೆ ಇಳಿಸಬೇಕು. 10 ಮೀಟರಿನ ಒಂಬತ್ತು ಚೌಕ ಸೇರಿಸಿ 30 ಮೀಟರಿನ ಒಂದು ಚೌಕ. ಸ್ಪಷ್ಟ ಚಿತ್ರವನ್ನು ಬೇಕೆಂದೇ ಮಸುಕು ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ನ್ಯಾಯವಾದ ಹೋಲಿಕೆ ಆಗ ಮಾತ್ರ.

ಮುಂದಿನ ಭಾನುವಾರ ಲ್ಯಾಪ್‌ಟಾಪ್ ಹಿಡಿದು ದೊಡ್ಡಮ್ಮನಲ್ಲಿಗೆ ಹೋದೆ. ಜಗಲಿಯಲ್ಲೇ ಕೂತು ಹೊಸ ಚಿತ್ರವನ್ನು 30 ಮೀಟರ್‌ಗೆ ಇಳಿಸಿ ತೋರಿಸಿದೆ. ಅವರ ಮನೆಯ ಕೆಂಪು ಚೌಕ ಹೋಯಿತು. ಪಕ್ಕದ ಮನೆಯದ್ದೂ ಹೋಯಿತು. ಹಿಂದಿನ ಓಣಿಯ ಆರೇಳು ಹಳೆಯ ಮನೆಗಳೂ ಹಸಿರಿನಲ್ಲಿ ಕರಗಿದವು. ಹಳೆಯ ನಕ್ಷೆಗೂ ಹೊಸದಕ್ಕೂ ಅಲ್ಲೆಲ್ಲ ವ್ಯತ್ಯಾಸವೇ ಉಳಿಯಲಿಲ್ಲ.

ಒಂದು ಜಾಗ ಮಾತ್ರ ಕೆಂಪಾಗಿಯೇ ಉಳಿಯಿತು. ರಸ್ತೆಯಾಚೆಯ ಬೈಲು. ಮಣ್ಣು ತುಂಬಿಸಿ ಲೇಔಟ್ ಮಾಡಿದ ಐದಾರು ಎಕರೆ. ದೊಡ್ಡಮ್ಮ ಬೆರಳಿಟ್ಟು ಕೇಳಿದರು, "ಇದು ಆ ಗದ್ದೆಯಲ್ವಾ?"

"ಹೌದು ದೊಡ್ಡಮ್ಮ. ಇದು ನಿಜವಾಗಿಯೂ ಹೋದದ್ದು."

ಅವರು ಸ್ವಲ್ಪ ಹೊತ್ತು ಪರದೆ ನೋಡುತ್ತಾ ಕೂತರು. ಆಮೇಲೆ ಅಂದರು, "ಏಣೆಲಿಗೆ ನೇಜಿ ನೆಡ್ಲಿಕ್ಕೆ ನಾವು ಹನ್ನೆರಡು ಜನ ಹೋಗ್ತಿದ್ದೆವು ಅಲ್ಲಿಗೆ. ತೋಡು ಎಲ್ಲಿ ಕಾಣ್ತದೆ ಇದರಲ್ಲಿ?"